ಕಾದ ಕಾವಲಿಗೆ ಬಿದ್ದ ನೀರು

ಯಶವಂತಪುರದ ವಠಾರಕ್ಕೆ ಬಂದ ಮೊದಲ ಬೆಳಿಗ್ಗೆ ಪಕ್ಕದ ಮನೆಯಿಂದ ‘ಚುಂಯ್’ ಎಂಬ ಸದ್ದು ಕೇಳಿತು. ಯಾರೋ ತೀರಿಕೊಂಡರೆಂದೇ ಭಾವಿಸಿ ಬಾಗಿಲಿಗೆ ಓಡಿದೆ. ಬಾಗಲಕೋಟೆ ಕಡೆಯ ನಮ್ಮ ಮನೆಯಲ್ಲಿ ರೊಟ್ಟಿ ಬೇಯಿಸುವ ಕಾದ ಹಂಚಿಗೆ ನೀರು ಬೀಳುವುದು ಸಾವಿನ ದಿನ ಮಾತ್ರ, ಒಲೆ ಆರಿಸುವಾಗ. ಉಳಿದ ದಿನ ನೀರನ್ನು ರೊಟ್ಟಿಯ ಮೈಗೆ ಸವರುತ್ತಾರೆಯೇ ಹೊರತು ಬರಿಯ ಹಂಚಿಗೆ ತಾಗಿಸುವುದಿಲ್ಲ. ಇಲ್ಲಿ ನೆರೆಮನೆಯ ಜುಬೇದಾ ಆಪಾ, ಅಂದರೆ ಅವರ ಮನೆಮಾತಿನಲ್ಲಿ ಜುಬೇದಾ ಅಕ್ಕ, ಕಾವಲಿಗೆ ಉಪ್ಪುನೀರು ಚಿಮುಕಿಸಿ ನಿಶ್ಚಿಂತೆಯಿಂದ ದೋಸೆ ಹುಯ್ಯುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಮ್ಮ ಯಜಮಾನರಿಗೆ ಜಾಲಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಮನೆತನದಲ್ಲಿ ಮೊದಲು ಪದವಿ ಪಡೆದವಳಾದ ನನಗೆ, ನುಡಿಯಲ್ಲಾಗಲಿ ನಡೆಯಲ್ಲಾಗಲಿ ತಪ್ಪು ಕಾಣಬಾರದೆಂಬ ಆತಂಕ. ‘ಛಲೋ’ ಎನ್ನುವಲ್ಲಿ ‘ಚೆನ್ನಾಗಿದೆ’ ಎನ್ನಲು ಕಲಿತೆ. ಅಲ್ಲಿ ಚಟ್ನಿಪುಡಿಯ ಮೇಲೆ ಕುಸುಬೆ ಎಣ್ಣೆಯನ್ನು ಧಾರಾಳವಾಗಿ ಸುರಿಯುವುದೇ ಅಕ್ಕರೆ; ಇಲ್ಲಿ ಎಣ್ಣೆ ಉಳಿಸುವವಳೇ ಜಾಣೆ. ವರ್ಷ ಕಳೆಯುವಷ್ಟರಲ್ಲಿ ಪಕ್ಕದ ಮನೆಯ ‘ಚುಂಯ್’ ನನಗೆ ಬೀದಿ ನಲ್ಲಿಯ ಸದ್ದಿನಷ್ಟೇ ರೂಢಿಯಾಯಿತು.

ಆಗ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದ ಅಪ್ಪನಿಗೆ ಎದೆನೋವು ಬಂತು. ಕರೆತಂದು ತೋರಿಸಿದೆವು. ಕೆಲವು ತಿಂಗಳು ಇಲ್ಲೇ ಇದ್ದು ಔಷಧಿ ತೆಗೆದುಕೊಳ್ಳಬೇಕು, ಎಣ್ಣೆ ಪೂರ್ತಿ ಬಿಡಬೇಕು ಎಂದರು ವೈದ್ಯರು. ಅಪ್ಪನನ್ನು ಅಷ್ಟು ದಿನ ಹಿಡಿದು ನಿಲ್ಲಿಸುವುದೇ ನನ್ನ ಚಿಂತೆ. ಹಲ್ಲು ಸಡಿಲವಾಗಿದ್ದ ಅವರಿಗೆ ರೊಟ್ಟಿಗಿಂತ ದೋಸೆ ಹಿತ. ಆದರೆ ಎಣ್ಣೆಯಿಲ್ಲದ ನನ್ನ ದೋಸೆ ಕಾವಲಿಗೆ ಕಚ್ಚಿಕೊಂಡು ಚೂರುಚೂರಾಗಿ ಏಳುತ್ತಿತ್ತು.

“ಯವ್ವಾ, ಇದು ದೋಸಿನೋ, ಗೋಡಿ ಸುಣ್ಣ ಕೆತ್ತಿದ್ದೋ?” ಎಂದು ಅಪ್ಪ ನಕ್ಕರು.

ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಆಪಾ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದೇಬಿಟ್ಟರು. “ಸರ್ಕೋ ಕಮಲಾ, ಬಿ.ಎಸ್‌ಸಿ. ಓದಿ ದೋಸೆ ಎಬ್ಸಕ್ಕೆ ಬರಲ್ವಾ? ಈರುಳ್ಳಿ ಕೊಡು ಇತ್ಲಾಗೆ.” ಅರ್ಧ ಈರುಳ್ಳಿಯನ್ನು ಚಾಕುವಿಗೆ ಚುಚ್ಚಿ ಹಿಡಿದು, ಕಾವಲಿಗೆ ಉಪ್ಪುನೀರು ಚಿಮುಕಿಸಿದರು. ಚುಂಯ್! ಬಟ್ಟೆಯಿಂದ ಒರೆಸಿ, ಈರುಳ್ಳಿಯಿಂದ ಉಜ್ಜಿ, ಹಿಟ್ಟು ಹುಯ್ದು ಮುಚ್ಚಳ ಮುಚ್ಚಿದರು. ಹಬೆಯಲ್ಲೇ ಬೆಂದ ದೋಸೆ ಅಂಚು ಬಿಟ್ಟು ತಾನೇ ಎದ್ದಿತು. “ನೋಡಿ ಚಾಚಾ, ನಿಮ್ ಡಾಕ್ಟ್ರು ಬಂದ್ರೂ ಇದ್ರಲ್ಲಿ ಒಂದ್ ತೊಟ್ಟು ಎಣ್ಣೆ ಸಿಗಲ್ಲ!”

ಗೆದ್ದವಳಂತೆ ತಟ್ಟೆ ಹಿಡಿದು ತಿರುಗಿದೆ. ಅಪ್ಪ ಎದ್ದು ನಿಂತಿದ್ದರು.

ನನ್ನ ಕೈಯಿಂದ ತಟ್ಟೆ ತೆಗೆದುಕೊಂಡರು. ಕುಳಿತು ದೋಸೆಯನ್ನು ಪೂರ್ತಿ ತಿಂದರು. “ಛಲೋ ಆಗೇತಿ” ಎಂದು ಆಪಾಗೆ ಕೈಮುಗಿದರು. ಕೈ ತೊಳೆದು ಬಂದು ಚೀಲಕ್ಕೆ ಧೋತರ ತುಂಬತೊಡಗಿದರು.

“ನಾಳಿ ಗಾಡಿಗೆ ಊರಿಗೆ ಹೋಗ್ತೀನವಾ.”

ನೀರು ಕಬ್ಬಿಣದ ಅತಿಕಾವನ್ನು ತಗ್ಗಿಸುತ್ತದೆ, ಹಾಗಾಗಿ ಹಿಟ್ಟು ಹಿಡಿಯುವುದಿಲ್ಲ, ಅಷ್ಟೇ ಎಂದು ವಿವರಿಸಿದೆ. ತಾಳ್ಮೆಯಿಂದ ಕೇಳಿದರು.

“ನೀ ಕಲ್ತಾಕಿ, ಖರೇನ ಹೇಳ್ತಿ. ನಿಮ್ಮವ್ವ ಹೋದ ದಿನ ಹಂಚಿಗೆ ನೀರ ಸುರುವಿದಾಗ ನೀ ಸಣ್ಣಾಕಿ. ಆ ಸಪ್ಪಳ ನನ್ನ ಕಿವ್ಯಾಗ ಹಂಗ ಐತಿ. ಗೋಡಿ ಆಚಿ ಸಪ್ಪಳ ಅವರ ಒಲಿದು ಅಂತ ಸುಮ್ನಿದ್ದೆ; ಈ ಮನ್ಯಾಗ ಆಗಿದ್ದು ನನಗ ಮ್ಯಾಲಿಂದ ಕರಿ ಬಂದಂಗ. ಆಗೂದಿದ್ರ ನನ್ನ ಮನ್ಯಾಗ ಆಗ್ಲಿ. ಮಗಳ ಮನ್ಯಾಗ ಬ್ಯಾಡ.”

ಆಪಾ ಕಣ್ಣೊರೆಸಿಕೊಂಡು, “ಬರೀ ಈರುಳ್ಳೀಲೇ ಮಾಡ್ತೀವಿ ಚಾಚಾ, ನೀರು ಮುಟ್ಟಲ್ಲ, ಇರಿ” ಎಂದು ಬೇಡಿಕೊಂಡರು. ಅಪ್ಪ ನಿಲ್ಲಲಿಲ್ಲ. ಔಷಧಿಯ ಪೊಟ್ಟಣ ಕೈಗಿತ್ತು ಯಶವಂತಪುರದಲ್ಲೇ ರೈಲು ಹತ್ತಿಸಿದೆವು.

ಬೇಸಿಗೆಗೆ ಮೊದಲೇ ತಂತಿ ಬಂತು. “ಆ ಸಪ್ಪಳ ಕೇಳಿದ್ದಕ್ಕ ಹಿಂಗಾತು” ಎಂದರು ಊರಿನವರು. “ಔಷಧಿ ಬಿಟ್ರಂತೆ, ಎಣ್ಣೆ ಬಿಡ್ಲಿಲ್ವಂತೆ, ಇನ್ನೇನಾಗುತ್ತೆ?” ಎಂದರು ವಠಾರದವರು. ನಾನು ಎರಡೂ ಕಡೆ ತಲೆಯಾಡಿಸಿದೆ. ಯಾವ ಕಡೆಯೂ ಪೂರ್ತಿ ಒಪ್ಪಿ ಅಳಲಾಗಲಿಲ್ಲ.

ಈಗ ಎಣ್ಣೆಯಿಲ್ಲದೆಯೂ ಅಂಟದ ಹೊಸ ಬಗೆಯ ಕಾವಲಿಗಳು ಅಂಗಡಿಗೆ ಬಂದಿವೆಯಂತೆ. ನನ್ನದು ಅದೇ ಕಬ್ಬಿಣದ್ದು. ಈರುಳ್ಳಿಯನ್ನಷ್ಟೇ ಉಜ್ಜುತ್ತೇನೆ, ನೀರು ಚಿಮುಕಿಸುವುದಿಲ್ಲ. ದೋಸೆ ಒಂದು ಅಂಚಿನಲ್ಲಿ ಕಚ್ಚಿಕೊಂಡೇ ಏಳುತ್ತದೆ. ಊರಿಗೆ ಹೋದಾಗ ಅತ್ತಿಗೆ ಎಣ್ಣೆಯ ಗಿಂಡಿ ತಂದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತೇನೆ. “ಬೆಂಗಳೂರಾಕಿ ಆದಿ ಬಿಡು” ಎಂದು ಅವಳು ನಗುತ್ತಾಳೆ.

ಬೆಂಗಳೂರಿನಲ್ಲಿ ಪ್ರತಿ ಬೆಳಿಗ್ಗೆ ಗೋಡೆಯಾಚೆಯಿಂದ ಆ ಸದ್ದು ಕೇಳುತ್ತದೆ. ಇಷ್ಟು ವರ್ಷಗಳ ನಂತರ ನಾನು ಮತ್ತೆ, ಮೊದಲ ದಿನದಂತೆಯೇ, ಬಾಗಿಲಿಗೆ ಬರುತ್ತೇನೆ.