ಬಿಚ್ಚಲು ಗಾಳಿ, ಬಿಗಿಯಲು ಕೈ

ಅವರ ಬಲಗೈ ಹೆಬ್ಬೆರಳಿನ ಉಗುರು ಆಡಿನ ಗೊರಸಿನ ಹಾಗಿತ್ತು. ಕಪ್ಪು, ದಪ್ಪ, ತುದಿಯಲ್ಲಿ ತುಸು ಸೀಳು. ನಟ್ಟು ತಿರುಗಿಸುವ ಯಾವ ಪಾನಾ ಕೈಗೆ ಬಂದರೂ ಮೊದಲು ಅದರ ಬಾಯೊಳಗೆ ಆ ಉಗುರು ಇಳಿಸಿ, ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಮೆಲ್ಲಗೆ ಎಳೆಯುತ್ತಿದ್ದರು. ಕಣ್ಣು ಮಾತ್ರ ಬೇರೆಲ್ಲೋ, ಎದುರಿನ ಚಹಾದಂಗಡಿಯ ಹೊಗೆಯ ಮೇಲೆ ಇರುತ್ತಿತ್ತು. ಉಗುರು ಎಲ್ಲಾದರೂ ತಡೆಯಿತೋ, ಆ ಪಾನಾ ಬಲಗಡೆಯ ಗುಂಪಿಗೆ. ಅದು ವಾಪಸು ಹೋಗುವ ಮಾಲು. ತಡೆಯದೆ ಜಾರಿದರೆ ಎಡಗಡೆಗೆ. ನಾನು ಕಂಡ ದಿನಗಳಲ್ಲೆಲ್ಲ ಬಲಗಡೆಯ ಗುಂಪೇ ದೊಡ್ಡದಿತ್ತು.

ಗೋಕಾಕದ ಹಳೆ ಪೇಟೆಯ ಒಂದು ಓಣಿಯಲ್ಲಿ ಅವರ ಅಂಗಡಿ. ಪಾನಾ, ಇಕ್ಕಳದಂಥ ಪಕ್ಕಡ, ಸಾಕೆಟ್ಟು, ಗಾಳಿಯಿಂದ ನಟ್ಟು ತಿರುಗಿಸುವ ಗನ್ನು, ಒಟ್ಟಿನಲ್ಲಿ ಗ್ಯಾರೇಜಿಗೆ ಬೇಕಾದ ಕಬ್ಬಿಣವೆಲ್ಲ ಅಲ್ಲಿ ಸಿಗುತ್ತಿತ್ತು. ಎಲ್ಲರೂ ಅವರನ್ನು ಪಾನಾ ಚಾಚಾ ಎನ್ನುತ್ತಿದ್ದರು, ನಾನೂ ಅಷ್ಟೇ. ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂತು, ಗಿರಾಕಿ ಬಂದ ಕೂಡಲೇ "ಸಾಕಾತಪಾ" ಎನ್ನುವುದೇ ಅವರ ನಮಸ್ಕಾರ. ಮೊಣಕಾಲು ಸಾಕಾಗಿತ್ತು, ಬಿಸಿಲು ಸಾಕಾಗಿತ್ತು, ನಕಲಿ ಮಾಲು ಸಾಕಾಗಿತ್ತು. ನಾಳೆಯಿಂದ ಅಂಗಡಿ ಮುಚ್ಚುವವರೇ. ಆ ನಾಳೆಯನ್ನು ಮೂವತ್ತು ವರ್ಷದಿಂದ ಕೇಳುತ್ತಿದ್ದೇನೆ ಎಂದು ಚಹಾದಂಗಡಿಯವನು ನಗುತ್ತಿದ್ದ.

ನಮ್ಮದು ಮೂಡಲಗಿ ಕಡೆಯ ಕುರಿ ಕಾಯುವ ಮನೆತನ. ನಾನೊಬ್ಬ ಮಾತ್ರ ಕುರಿ ಬಿಟ್ಟು ಮೂಡಲಗಿಯ ಒಂದು ಗ್ಯಾರೇಜಿನಲ್ಲಿ ನಾಲ್ಕು ವರ್ಷ ಗ್ರೀಸು ಮೆತ್ತಿಕೊಂಡವನು. ಹತ್ತರಗಿಯಲ್ಲಿ ಹೈವೇ ಬಾಜೂ ಸೋದರಮಾವನ ತುಂಡು ಜಾಗವಿತ್ತು. ಅಲ್ಲಿ ಸ್ವಂತ ಶೆಡ್ಡು ಹಾಕುವೆನೆಂದಾಗ ಅಪ್ಪ ಹಿಂಡಿನಲ್ಲಿ ಕೆಲವನ್ನು ಬೇರೆ ಮಾಡಿ ಸಂತೆಗೆ ಹೊಡೆದು ಮಾರಿದ. ಆ ರೊಕ್ಕ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡು ಗೋಕಾಕಕ್ಕೆ ಹೋದೆ. ಅಂಗಡಿಯ ಬಾಗಿಲಲ್ಲೇ ತೆರೆದಿಟ್ಟ ಒಂದು ಕೆಂಪು ಪೆಟ್ಟಿಗೆ. ಒಳಗೆ ಸಾಲು ಸಾಲಾಗಿ ಬೆಳ್ಳಗೆ ಹೊಳೆಯುವ ಸಾಮಾನು. ಮದುವೆ ಮನೆಯ ಪಾತ್ರೆ ನೋಡಿದಂತಾಯಿತು.

"ಚಾಚಾ, ಆ ಕೆಂಪು ಪೆಟಗಿ ಕೊಡ್ರಿ. ಗಾಳಿ ಗನ್ನೂ ಬೇಕ್ರಿ."

"ಸಾಕಾತಪಾ. ಆ ಪೆಟಗ್ಯಾಗ ಎಷ್ಟು ನಗ ಅದಾವು?"

"ಎರಡುನೂರಾ ಚಿಲ್ಲರ ಅಂತ ಬರದೈತ್ರಿ."

"ಅದರಾಗ ನಿನಗ ಬೇಕಾದವು ಎಷ್ಟು?"

ನಾನು ಪೆಟ್ಟಿಗೆಯ ಸಾಲುಗಳನ್ನು ಎಣಿಸತೊಡಗಿದೆ.

"ಉಳದವನ್ನ ಏನ್ ಮಾಡ್ತಿ? ಉಪ್ಪಿನಕಾಯಿ ಹಾಕ್ತಿಯೇನು?"

ಓಣಿಯವರೆಲ್ಲ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಚಾಚಾ ಮಾತ್ರ ನಗಲಿಲ್ಲ. "ಇವತ್ತ ನಿನಗ ಏನೂ ಮಾರಂಗಿಲ್ಲ. ನಿನ್ನ ಮಾಲಕನ ಗ್ಯಾರೇಜಿಗೆ ಗ್ವಾಡಿ ಐತಿಲ್ಲ? ಒಂದು ತಿಂಗಳು, ಯಾವ ಪಾನಾ ಕೈಯಾಗ ಹಿಡೀತಿ, ಅದರ ನಂಬರ ಬರದು ಬಾಜೂಕ ಒಂದು ಗೀಟು ಎಳಿ. ಆಮ್ಯಾಲೆ ಬಾ."

ಸಾಮಾನು ಮಾರುವವನೇ ಗಿರಾಕಿಯನ್ನು ಬರಿಗೈಯಲ್ಲಿ ಅಟ್ಟಿದ್ದನ್ನು ನಾನು ಕಂಡದ್ದು ಅದೇ ಮೊದಲು. ಸಿಟ್ಟಿನಿಂದಲೇ ವಾಪಸು ಬಂದು ಗೀಟು ಎಳೆಯತೊಡಗಿದೆ. ಮಾಲಕ ಬಾಯಿ ಬಿಟ್ಟು ನಕ್ಕ. "ಏನಲೇ, ಗ್ವಾಡಿ ಮ್ಯಾಲೆ ಕುರಿ ಎಣಸಾಕತ್ತಿಯೇನು? ನಿಮ್ಮಪ್ಪನ ಚಟ ಬಿಡಂಗಿಲ್ಲ ನೋಡು."

ತಿಂಗಳು ಮುಗಿದಾಗ ಗೋಡೆಯ ಮೇಲೆ ಹನ್ನೊಂದು ಸಾಮಾನಿನ ಮುಂದೆ ಗೀಟು ಕಿಕ್ಕಿರಿದಿದ್ದವು. ಉಳಿದವುಗಳ ಮುಂದೆ ಒಂದೋ ಎರಡೋ. ಆ ಪಟ್ಟಿ ಹಿಡಿದು ಹೋದಾಗ ಚಾಚಾ ಓದಿ ಕೂಡ ನೋಡಲಿಲ್ಲ. ಎಡಗಡೆಯ ಗುಂಪಿನಿಂದ ಒಂದೊಂದೇ ತೆಗೆದು ನನ್ನ ಮುಂದಿಟ್ಟರು. ಸರಿಯಾಗಿ ಅವೇ ಹನ್ನೊಂದು.

"ಗೊತ್ತಿದ್ರ ಮೊದಲ ಹೇಳಬಾರದೇನ್ರಿ ಚಾಚಾ?"

"ನಾ ಹೇಳಿದ್ರ ನೀ ನಂಬತಿದ್ದಿಲ್ಲ. ಈಗ ಗ್ವಾಡಿ ಹೇಳೇತಿ."

ಆಮೇಲೆ ನಿಧಾನವಾಗಿ, ಬೇಸರದ ದನಿಯಲ್ಲೇ, ಒಂದು ಇಡೀ ವಿದ್ಯೆ ಹೇಳಿಕೊಟ್ಟರು. ನಟ್ಟಿಗೆ ತಾಗುವ ಸಾಮಾನು ಛಲೋ ಇರಬೇಕು, ಅಲ್ಲಿ ಚೌಕಾಸಿ ಮಾಡಬೇಡ. ಪಾನಾ, ಸಾಕೆಟ್ಟು, ಪಕ್ಕಡ, ಇವು ಮೆತ್ತಗಿದ್ದರೆ ನಟ್ಟಿನ ಮೂಲೆ ಸವೆಯುತ್ತದೆ, ಆಮೇಲೆ ನಿನ್ನ ಬೆರಳ ಗೆಣ್ಣು ಸುಲಿಯುತ್ತದೆ. ಸಾಕೆಟ್ಟು ಆರು ಮೂಲೆಯದೇ ತಗೋ. ಸುತ್ತಿಗೆ, ಉಳಿ, ಎಣ್ಣೆ ತಟ್ಟೆ ಗುಜರಿಯಲ್ಲಿ ಸಿಕ್ಕರೂ ನಡೆಯುತ್ತದೆ. "ಜಾಕಿನ ಬಾಜೂ ಇಡೋ ಸ್ಟ್ಯಾಂಡ್ ಮಾತ್ರ ಹೊಸಾದು ತಗೋ. ಅದರ ನಂಬಿಗಿ ಮ್ಯಾಲೆ ಗಾಡಿ ಬುಡಕ ಮಲಗಾಂವ ನೀನ." ಗನ್ನಿಗೆ ಕಪ್ಪು ಸಾಕೆಟ್ಟೇ ಬೇಕು, ಬೆಳ್ಳಗೆ ಹೊಳೆಯುವವು ಗನ್ನಿನ ಹೊಡೆತಕ್ಕೆ ಒಡೆದು ಕಣ್ಣಿಗೆ ಹಾರುತ್ತವೆ ಎಂದೂ ಹೇಳಿದರು. ಆ ಕೆಂಪು ಪೆಟ್ಟಿಗೆಯನ್ನು ಬಾಗಿಲಲ್ಲಿ ಇಟ್ಟದ್ದಾದರೂ ಯಾಕೆ ಎಂದು ಕೇಳಿದೆ. "ಹುಚ್ಚರು ಯಾರು ಅಂತ ದೂರಿಂದ ಗೊತ್ತಾಗಲಿ ಅಂತ" ಎಂದರು.

ಗಾಳಿ ತುಂಬುವ ಕಂಪ್ರೆಸರು ಹೊಸದು ನನ್ನ ಕೈಗೆ ನಿಲುಕುವಂತಿರಲಿಲ್ಲ. ಹಳೆಯದನ್ನು ಆರಿಸಲು ಅವರೇ ಜೊತೆಗೆ ಬಂದರು, ದಾರಿಯುದ್ದಕ್ಕೂ ನನ್ನನ್ನು ಬೈಯುತ್ತ. ಬೆಲ್ಲದ ಬಾಗೇವಾಡಿಯ ಒಬ್ಬ ಪಂಕ್ಚರಿನವನ ಕಂಪ್ರೆಸರಿನ ಟಾಕಿಗೆ ಹೊಸ ಬಣ್ಣ ಬಳಿದಿತ್ತು. ಚಾಚಾ ಬಣ್ಣ ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು, ತಳದ ಬಿರಡೆ ಸಡಿಲಿಸಿ, ಸೋರಿದ ನೀರನ್ನು ಅಂಗೈಯಲ್ಲಿ ಹಿಡಿದರು. ಕೆಮ್ಮಣ್ಣಿನಂಥ ತುಕ್ಕಿನ ನೀರು. "ಇದು ಟಾಕಿ ಅಲ್ಲ, ಬಾಂಬು. ನಡಿ." ಹುಕ್ಕೇರಿಯಲ್ಲಿ ನೋಡಿದ ಎರಡನೆಯದು ಸಣ್ಣದು, ಗನ್ನಿಗೆ ಉಸಿರು ಸಾಲುತ್ತಿರಲಿಲ್ಲ. ಮೂರನೆಯದರ ನೀರು ತಿಳಿಯಾಗಿತ್ತು. ಅದೇ ಇವತ್ತಿಗೂ ನನ್ನ ಶೆಡ್ಡಿನಲ್ಲಿ ಉಸಿರಾಡುತ್ತಿದೆ.

ಕೊನೆಗೆ ಉಳಿದ ರೊಕ್ಕಕ್ಕೆ ಎರಡರಲ್ಲಿ ಒಂದೇ ಬರುತ್ತಿತ್ತು. ಗಾಳಿ ಗನ್ನು, ಇಲ್ಲವೇ ಟಾರ್ಕ್ ಪಾನಾ, ಅಂದರೆ ಬಿಗಿ ಸಾಕಾದ ಕೂಡಲೇ ಕಟ್ ಎಂದು ಸದ್ದು ಮಾಡಿ ಕೈಯನ್ನು ತಡೆಯುವ ಉದ್ದ ಹಿಡಿಯ ಪಾನಾ. ಚಾಚಾ ಎರಡನೆಯದನ್ನೇ ಮುಂದೆ ಸರಿಸಿದರು. ನಾನು ಗನ್ನೇ ಬೇಕೆಂದೆ. ಹೈವೇ ಬಾಜೂ ಗನ್ನಿನ ಸದ್ದು ಕೇಳಿದರೆ ಗಾಡಿಗಳು ತಾವಾಗಿ ನಿಲ್ಲುತ್ತವೆ ಎಂಬ ಹುರುಪು ನನ್ನದು. ಚಾಚಾ ಟಾರ್ಕ್ ಪಾನಾವನ್ನು ಹಿಂದಕ್ಕೆ ಎಳೆದುಕೊಂಡರು. "ತಗೋ. ಆದ್ರ ಬಿಚ್ಚಾಕ ಗಾಳಿ, ಬಿಗಿ ಮಾಡಾಕ ಕೈ. ಇಷ್ಟ ನೆಪ್ಪಿಡು." ನಾನು ಹೂಂ ಎಂದೆ. ಆ ವಯಸ್ಸಿನಲ್ಲಿ ಎಲ್ಲದಕ್ಕೂ ಹೂಂ ಎನ್ನುತ್ತಿದ್ದೆ.

ಕಬ್ಬಿನ ಹಂಗಾಮು ಬಂತು. ನಮ್ಮ ಕಡೆ ಹಂಗಾಮೆಂದರೆ ರಸ್ತೆಯ ತುಂಬ ಟ್ರ್ಯಾಕ್ಟರು, ಒಂದೊಂದರ ಹಿಂದೆ ಎರಡೆರಡು ಟ್ರೇಲರು. ಕಾರ್ಖಾನೆಯ ಪಾಳಿ ತಪ್ಪೀತೆಂದು ಯಾರಿಗೂ ನಿಲ್ಲುವ ಪುರಸೊತ್ತಿಲ್ಲ. ಕೈಯಿಂದ ಬಿಗಿಯುತ್ತ ಕೂತರೆ ಚಾಲಕರು ಬೈಯುತ್ತಿದ್ದರು. ಗನ್ನು ಹಚ್ಚಿದರೆ ಎರಡು ನಿಮಿಷದ ಕೆಲಸ. ನಿದ್ದೆಗೆಟ್ಟ ದಿನಗಳವು. ಕೈ ಎತ್ತಿದರೆ ಭುಜ ನೋಯುತ್ತಿತ್ತು. ಮೊದಲು ಒಂದು ಗಾಡಿಗೆ ಅಂತ ಶುರುವಾದದ್ದು ಎಲ್ಲ ಗಾಡಿಗೂ ಆಯಿತು.

ಒಂದು ಶುಕ್ರವಾರ ಇಳಿಹೊತ್ತಿನಲ್ಲಿ, ಕಣಗಲಾ ಊರಿನ ಒಬ್ಬ ಚಾಲಕನ ಹಿಂದಿನ ಟ್ರೇಲರಿನ ಚಕ್ರ ಬದಲಿಸಿ ಕಳಿಸಿದ್ದೆ. ಗಾಡಿ ಹೋಗಿ ಸ್ವಲ್ಪ ಹೊತ್ತಾಗಿತ್ತು. ಆಗ ಚಾಚಾ ಬಂದರು. ನಮಾಜು ಮುಗಿಸಿ, ಹುಕ್ಕೇರಿಯಲ್ಲಿ ಬಸ್ಸು ಬದಲಿಸಿ, ನನ್ನ ಕಂಪ್ರೆಸರಿನ ನೀರು ನೋಡಲು ತಿಂಗಳಿಗೊಮ್ಮೆ ಬರುತ್ತಿದ್ದರು. "ಸಾಕಾತಪಾ" ಎನ್ನುತ್ತ ಕೂತವರು, ಸುಮ್ಮನೆ ಗನ್ನು ಕೈಗೆತ್ತಿಕೊಂಡು, ಅದರ ಸಾಕೆಟ್ಟಿನೊಳಗೆ ಉಗುರು ಹಾಕಿ ಏನನ್ನೋ ಕೆದರಿ ತೆಗೆದರು. ಕೂದಲೆಳೆಯಷ್ಟು ಸಣ್ಣ, ಹೊಳೆಯುವ ಉಕ್ಕಿನ ಸುರುಳಿ. ಅತಿ ಬಿಗಿಗೆ ಬೋಲ್ಟಿನ ಹಲ್ಲು ಸುಲಿದು ಬಂದದ್ದು.

"ಬಿಗಿ ಇದರಿಂದನ ಮಾಡಿದಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಹೂಂನ್ರಿ."

"ಗಾಡಿ ಎಲ್ಲೈತಿ?"

"ಹೋತ್ರಿ. ಕಾರ್ಖಾನಿಗೆ."

"ಫೋನ್ ಹಚ್ಚು."

ಹಚ್ಚಿದೆ, ಮತ್ತೆ ಹಚ್ಚಿದೆ. ಟ್ರ್ಯಾಕ್ಟರಿನ ಹಾಡಿನ ಗದ್ದಲದಲ್ಲಿ ಅವನಿಗೆ ಎಲ್ಲಿ ಕೇಳಬೇಕು? ಚಾಚಾ ಎದ್ದರು. ಗೋಡೆಗೆ ಒರಗಿಸಿದ್ದ ಚಕ್ರದ ಉದ್ದ ಪಾನಾ ತೆಗೆದುಕೊಂಡು ನನ್ನ ಬೈಕಿನ ಹಿಂದೆ ಕೂತರು. ಆ ಮೊಣಕಾಲಿನವರು, ಆ ಬಿಸಿಲಿನಲ್ಲಿ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಒಂದು ಏರಿನಲ್ಲಿ ಗಾಡಿ ಸಿಕ್ಕಿತು. ಅಡ್ಡ ಹಾಕಿ ನಿಲ್ಲಿಸಿದೆ. ಚಾಲಕ ಮೇಲಿನಿಂದಲೇ ಕೂಗಿದ. "ಏನ್ ಮಾಲಕ್ರ, ರೊಕ್ಕ ಕಡಿಮಿ ಆತೇನು? ಮುದುಕನ್ನ ಕಟಗೊಂಡ ವಸೂಲಿಗೆ ಬಂದೀರಿ!"

"ಐದು ಮಿನಿಟ್ ಇಳಿಯಪಾ. ಚಕ್ರ ನೋಡೂಣು" ಎಂದರು ಚಾಚಾ.

ಚಕ್ರಕ್ಕೆ ಎಂಟು ಬೋಲ್ಟು. ನಾನು ಉದ್ದ ಪಾನಾ ಹಚ್ಚಿದೆ. ಮೊದಲನೆಯದು ಅಲುಗಲಿಲ್ಲ. ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ಕೈ ಇಟ್ಟೆನಷ್ಟೆ, ಒಣ ಕಡ್ಡಿ ಮುರಿದಂತೆ ನಟ್ಟಿನ ಜೊತೆಗೆ ಬೋಲ್ಟೇ ಕೈಗೆ ಬಂತು. ಐದನೆಯದೂ ಹಾಗೇ ಬಂತು. ಗನ್ನು ಅವನ್ನು ಎಳೆದೆಳೆದು ಒಳಗೇ ಸಾಯಿಸಿತ್ತು.

ಚಾಲಕ ಹಾಡು ನಿಲ್ಲಿಸಿದ. ಮೆಲ್ಲಗೆ ಬೆರಳೆತ್ತಿ ಮೇಲೆ ತೋರಿಸಿದ. ಹಿಂದಿನ ಟ್ರೇಲರಿನ ಕಬ್ಬಿನ ಮೇಲೆ, ಸೆರಗು ಮುಖಕ್ಕೆ ಹೊದ್ದು ಇಬ್ಬರು ಹೆಣ್ಣುಮಕ್ಕಳು ಮಲಗಿದ್ದರು. ಕಬ್ಬು ಕಡಿಯುವವರು. ನಸುಕಿನಿಂದ ಕಡಿದು ಹೊರೆ ಹೊತ್ತವರಿಗೆ ಗಾಡಿ ನಿಂತದ್ದೂ ತಿಳಿದಿರಲಿಲ್ಲ.

ನಾನು ಹುಕ್ಕೇರಿಗೆ ಹೋಗಿ ಹೊಸ ಬೋಲ್ಟು ತರುವವರೆಗೂ ಚಾಚಾ ಚಕ್ರದ ಬಾಜೂ ಕಲ್ಲಿನ ಮೇಲೆ ಕೂತೇ ಇದ್ದರು. ಎಂಟನ್ನೂ ಬದಲಿಸಿ, ಎದುರುಬದುರಾಗಿ, ಕೈಯಿಂದಲೇ ಬಿಗಿದೆ. ಗಾಡಿ ಏರು ದಾಟಿತು. ಆ ಇಬ್ಬರು ಮಲಗಿಯೇ ಹೋದರು.

"ಚಾಚಾ, ನಾ ಶೆಡ್ ಮುಚ್ಚತೇನ್ರಿ. ಕುರಿ ಕಾಯಾಕ ಹೊಕ್ಕೇನಿ."

ಅವರು ಮುರಿದ ಬೋಲ್ಟೊಂದನ್ನು ಎತ್ತಿ ಉಗುರಿನಿಂದ ಸವರಿದರು. "ನಾನೂ ಹಂಗ ಮಾಡಿದ್ಯಾ. ಗೋಕಾಕದಾಗ ನಂದೂ ಗ್ಯಾರೇಜ್ ಇತ್ತು. ನಾ ಬಿಗಿ ಮಾಡಿದ ಗಾಲಿ ಹಾರಿ ಒಬ್ಬಾಂವ ಕಾಲು ಕಳಕೊಂಡ. ಮರುದಿನಾನ ಗ್ಯಾರೇಜ್ ಮುಚ್ಚಿ ಪಾನಾ ಮಾರಾಕ ಕುಂತ್ಯಾ. ಅವತ್ತ ಗಾಡಿ ಬೆನ್ನ ಹತ್ತಿ ಹೋಗು ಅಂತ ನನಗ ಹೇಳಾವರ ಇದ್ದಿಲ್ಲ." ಕೆಮ್ಮಿದರು. "ನೀ ಮುಚ್ಚಬ್ಯಾಡ. ಇವತ್ತಿನ ಅಂಜಿಕಿ ನಿನ್ನ ಕೈಯಾಗ ಐತಲ್ಲ, ಅದು ಯಾ ಅಂಗಡ್ಯಾಗೂ ಸಿಗಂಗಿಲ್ಲ. ನನ್ನ ಅಂಗಡ್ಯಾಗೂ ಇಲ್ಲ."

ಮುಂದಿನ ಶುಕ್ರವಾರ ಟಾರ್ಕ್ ಪಾನಾವನ್ನು ತಾವೇ ತಂದುಕೊಟ್ಟರು, ಹಳೆ ಟವೆಲಿನಲ್ಲಿ ಸುತ್ತಿ. ನಾನು ಜೇಬಿಗೆ ಕೈ ಹಾಕಿದೆ. "ಸಾಕಾತಪಾ, ತಗಿ ಕೈ" ಎಂದರು.

ಹೋದ ವರ್ಷ ಬೇಸಿಗೆಯಲ್ಲಿ ಚಾಚಾ ತೀರಿಕೊಂಡರು. ಅಂಗಡಿ ತೆರೆದು, ಡಬ್ಬಿಯ ಮೇಲೆ ಕೂತು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಮಣ್ಣಿಗೆ ಹೋದಾಗ ಗೋಕಾಕದಲ್ಲಿ ಎಷ್ಟೋ ಊರಿನ ಮೆಕ್ಯಾನಿಕರು ಕೂಡಿದ್ದರು, ಎಲ್ಲರ ಕೈಯ ಗೆರೆಯಲ್ಲೂ ಅದೇ ಕರಿ ಎಣ್ಣೆ. ಕಣಗಲಾದ ಆ ಚಾಲಕನೂ ಬಂದಿದ್ದ. ಒಂದು ಹಿಡಿ ಮಣ್ಣು ಹಾಕಿ, ನನ್ನ ಬಾಜೂ ಬಂದು ನಿಂತ.

"ಅವತ್ತ ಕಬ್ಬಿನ ಮ್ಯಾಲೆ ಮಕ್ಕೊಂಡಿದ್ದ ಅಕ್ಕಗೋಳಿಗೆ ನೀ ಏನರ ಹೇಳಿದಿ?" ಎಂದು ಕೇಳಿದ.

"ಇಲ್ಲ. ನೀ?"

"ನಾನೂ ಇಲ್ಲ."

ಈ ಹಂಗಾಮಿನಲ್ಲಿ ಅವನ ಗಾಡಿ ಮತ್ತೆ ನನ್ನ ಶೆಡ್ಡಿನ ಮುಂದೆ ನಿಂತಿತು. ಮೇಲೆ, ಚಾಲಕ ಕಣ್ಸನ್ನೆಯಲ್ಲೇ ತೋರಿಸಿದ ಹಾಗೆ, ಅದೇ ಇಬ್ಬರು ಹೆಣ್ಣುಮಕ್ಕಳು, ಎಲೆಯಡಿಕೆ ಹಾಕಿಕೊಂಡು ಕಾಲು ಇಳಿಬಿಟ್ಟು ಕೂತಿದ್ದರು. ಗನ್ನಿನಿಂದ ನಟ್ಟು ಬಿಚ್ಚಿ, ಚಕ್ರ ಬದಲಿಸಿ, ಗನ್ನು ಬದಿಗಿಟ್ಟು, ಚಾಚಾ ಕೊಟ್ಟ ಪಾನಾ ಹಿಡಿದು ಕೈಯಿಂದ ಬಿಗಿಯತೊಡಗಿದೆ. ಬೆನ್ನು ಬಿಗಿದಿತ್ತು. ಹಿಂದೆ ಇನ್ನೂ ನಾಲ್ಕು ಗಾಡಿಗಳು ಕಾಯುತ್ತಿದ್ದವು.

"ಏ ತಮ್ಮಾ" ಎಂದು ಹಿರಿಯಾಕೆ ಮೇಲಿನಿಂದ ಕೂಗಿದಳು. "ಆಚಿ ಬಾಜೂದಾಂವ ಮಿಷನ್ ಹಚ್ಚಿ ಟರ್ರ್ ಅಂತ ಮುಗಸ್ತಾನ. ನೀ ಏನೋ, ಮುದುಕನಂಗ ಒಂದೊಂದ ತಿರವ್ಕೋತ ಕುಂತಿ?"

ಚಾಲಕ ನನ್ನನ್ನು ನೋಡಿದ. ನಾನು ತಲೆ ಎತ್ತಲಿಲ್ಲ.

"ಮುದುಕರ ಕಡೇನ ಕಲತೇನಿ, ಅಕ್ಕಾ."

"ಹಂಗಾರ ಮುಗೀತು ಬಿಡು, ನಾವು ಮಕ್ಕೋತೀವಿ" ಎಂದು ಇಬ್ಬರೂ ನಕ್ಕು, ಸೆರಗು ಎಳೆದುಕೊಂಡು ಕಬ್ಬಿನ ಮೇಲೆ ಒರಗಿದರು. ನಾನು ಎದುರಿನ ನಟ್ಟಿಗೆ ಪಾನಾ ಹಚ್ಚಿದೆ.