ವಾಸನೆ ಹಿಡಿಯದ ಮೀಸೆಗಳು

ಹೊಸ ಶತಮಾನದ ಮೊದಲ ವರ್ಷಗಳು. ಹೈದರಾಬಾದಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ವಿಭಾಗ ನನ್ನ ಉಸ್ತುವಾರಿಯಲ್ಲಿತ್ತು. ಪಕ್ಕದ ಮಾದಾಪುರದಲ್ಲಿ ಸಾಫ್ಟ್‌ವೇರ್ ಕಚೇರಿಗಳಿಗಾಗಿ ದಿನವಿಡೀ ಬಂಡೆ ಸಿಡಿಸುತ್ತಿದ್ದರು. ಒಂದೊಂದು ಸಿಡಿತಕ್ಕೂ ಪರದೆಯ ಮೇಲಿನ ಚಿತ್ರ ನಡುಗುತ್ತಿತ್ತು, ನನ್ನ ಪಿತ್ತ ನೆತ್ತಿಗೇರುತ್ತಿತ್ತು.

ಅಂಥದೊಂದು ಬೆಳಿಗ್ಗೆ ಕೀಟ ವಿಭಾಗದ ಪ್ರಸಾದ್ ಪುಟ್ಟ ಡಬ್ಬಿಯೊಂದನ್ನು ತಂದಿಟ್ಟರು. ಅನಂತಪುರದವರು, ಕನ್ನಡ ಬಲ್ಲರು. ಡಬ್ಬಿಯೊಳಗೆ ತೊಗರಿಯ ಕಾಯಿಕೊರಕ ಪತಂಗದ ಮೀಸೆಗಳು. ಜೀಡಿಮೆಟ್ಲಾದ ಒಂದು ಕಾರ್ಖಾನೆ ಮೋಹಕ ಬಲೆಗೆ ಲ್ಯೂರ್ ತಯಾರಿಸಿ ನಮ್ಮಲ್ಲಿಗೆ ಪರೀಕ್ಷೆಗೆ ಕಳಿಸಿತ್ತು. ಲ್ಯೂರ್ ಎಂದರೆ ಹೆಣ್ಣು ಪತಂಗದ ವಾಸನೆ ತುಂಬಿದ ರಬ್ಬರ್ ಬಿರಡೆ. ಆ ವಾಸನೆಗೆ ಗಂಡು ಬಂದು ಬಲೆಗೆ ಬೀಳಬೇಕು. ಪ್ರಸಾದ್ ಪತಂಗಗಳ ಮೀಸೆಗೆ ತಂತಿ ಜೋಡಿಸಿ ಆ ವಾಸನೆ ಊದಿದ್ದರು. ವಾಸನೆ ತಟ್ಟಿದ್ದರೆ ಯಂತ್ರದ ಗೆರೆ ಜಿಗಿಯಬೇಕಿತ್ತು. ಅದು ಮಿಸುಕಲಿಲ್ಲ.

"ಮೀಸೆ ಸರಿಯಾಗಿದೆ ಅನ್ನೋದಕ್ಕೆ ಒಂದು ಫೋಟೋ ಬೇಕು ಸರ್. ಸಂಜೆ ವರದಿ ಹೋಗ್ತದೆ," ಎಂದರು. ಮೀಸೆ ಸರಿಯಿದ್ದರೆ ಕೆಟ್ಟಿರುವುದು ಲ್ಯೂರ್ ಎಂದೇ ಅರ್ಥ.

ಹೊರಗೆ ಒಬ್ಬ ಹೆಣ್ಣುಮಗಳು ಅತ್ತಿಂದಿತ್ತ ಓಡಾಡುತ್ತಿದ್ದಳು. ಬಂಡೆ ಸಿಡಿದಾಗ ನಾನು ಕನ್ನಡದಲ್ಲಿ ಬೈದದ್ದು ಕೇಳಿ ಒಳಗೆ ಇಣುಕಿದಳು.

"ಸರ್, ನೀವು ನಮ್ಮ ಕಡಿಯವರೇನ್ರಿ? ನಾ ಶರಣಮ್ಮ, ಬೀದರದಾಕಿ. ಆ ಲ್ಯೂರ್ ಮಾಡಿದಾಕಿ ನಾನೇ ರಿ. ಮಾಲು ಕೆಟ್ಟೈತಿ ಅಂತ ವರದಿ ಬಂದ್ರ ನಾಳಿಂದ ಬರಬ್ಯಾಡ ಅಂದಾರ ಸೇಠ್. ಕೆಟ್ಟಿಲ್ರಿ ಅದು!"

"ಹಂಗಾದ್ರ ಕೂಡು ತಂಗಿ. ನಿನ್ನ ಓಡಾಟ ನೋಡಿ ನನಗೂ ಜೀವ ಝಲ್ ಅನ್ನಾಕತ್ತೈತಿ," ಎಂದೆ. ಕೂತಳು, ಮತ್ತೆ ಎದ್ದಳು.

ಮೀಸೆಗಳಿಗೆ ಬಂಗಾರದ ತೆಳುಲೇಪ ಕೊಟ್ಟು ಮೈಕ್ರೋಸ್ಕೋಪಿಗೆ ಹಾಕಿದೆ. ಪತಂಗದ ಮೀಸೆ ಬರಿಗಣ್ಣಿಗೆ ಒಂದೆಳೆ ದಾರ. ಹಿಗ್ಗಿಸಿ ನೋಡಿದರೆ ಗೆಣ್ಣುಗೆಣ್ಣಾಗಿ ಕಾಣುತ್ತದೆ: ಮೇಲ್ಮೈಯಲ್ಲಿ ಹುರುಪೆ, ಕೆಳಭಾಗದಲ್ಲಿ ರೋಮಗಳು. ಈ ರೋಮಗಳೇ ಸೆನ್ಸಿಲ್ಲಾ, ಹುಳುವಿನ ಮೂಗು. ಅವುಗಳ ಗೋಡೆಯಲ್ಲಿ ಅತಿಸೂಕ್ಷ್ಮ ರಂಧ್ರಗಳಿರುತ್ತವೆ. ವಾಸನೆ ಅವುಗಳಿಂದ ಒಳನುಗ್ಗಿ ನರದ ತುದಿ ಮುಟ್ಟುತ್ತದೆ. ಗಂಡಿಗಾದರೆ ಹೆಣ್ಣಿನ ವಾಸನೆ ಹಿಡಿಯಲೆಂದೇ ಗೆಣ್ಣುಗೆಣ್ಣಿಗೂ ಉದ್ದನೆಯ ರೋಮಗಳ ಸಾಲು ಇರುತ್ತದೆ.

ನನಗೆ ಆ ಸಾಲು ಸಿಗಲಿಲ್ಲ! ಅಲ್ಲೊಂದು ಇಲ್ಲೊಂದು ಗಿಡ್ಡ ರೋಮ ಅಷ್ಟೆ. ರೋಮ ಮುರಿದ ಗುರುತೂ ಇಲ್ಲ. ಇನ್ನೊಂದು ಮೀಸೆ ನೋಡಿದೆ, ಮತ್ತೊಂದು ನೋಡಿದೆ. ನಡುವೆ ಬಂಡೆ ಸಿಡಿದು ಚಿತ್ರ ಕಲಸಿಹೋಯಿತು. ಹಲ್ಲು ಕಚ್ಚಿ ಮತ್ತೆ ಹಿಡಿದೆ.

"ಪ್ರಸಾದ್, ಇವು ಗಂಡೇ ಅಲ್ಲರೀ! ಎಲ್ಲಾ ಹೆಣ್ಣು!"

"ಛೇ, ನಾನೇ ಆರಿಸಿದ್ದು, ರೆಕ್ಕೆ ಬಣ್ಣ ನೋಡಿ..." ಎಂದವರು ಅರ್ಧಕ್ಕೆ ನಿಲ್ಲಿಸಿದರು.

ಈ ಜಾತಿಯಲ್ಲಿ ಗಂಡಿನದು ಹಸಿರು ಛಾಯೆಯ ಬೂದು ರೆಕ್ಕೆ, ಹೆಣ್ಣಿನದು ಕಂದು. ಬಿಳಿ ಬೆಳಕಿಗೆ ಪತಂಗಗಳು ಗಾಬರಿಯಾಗುತ್ತವೆಂದು ಸಾಕಣೆ ಕೋಣೆಯಲ್ಲಿ ಕೆಂಪು ಬಲ್ಬ್ ಹಾಕಿರುತ್ತಾರೆ. ಅವಸರದಲ್ಲಿ ಅವರು ಅದೇ ಕೆಂಪು ಬೆಳಕಿನಲ್ಲಿ ಬಣ್ಣ ನೋಡಿ ಆರಿಸಿದ್ದರು. ಕೆಂಪು ಬೆಳಕಿನಲ್ಲಿ ಕಂದು ರೆಕ್ಕೆಯೇ ತಿಳಿಯಾಗಿ ಕಾಣುತ್ತದೆ; ತಿಳಿಯಾಗಿ ಕಂಡದ್ದನ್ನೆಲ್ಲ ಗಂಡೆಂದು ಹೆಕ್ಕಿದ್ದರು.

ಟ್ಯೂಬ್‌ಲೈಟ್ ಹಾಕಿ ಗಂಡುಗಳನ್ನು ಆರಿಸಿ ಅದೇ ಲ್ಯೂರಿನ ವಾಸನೆ ಊದಿದರು. ಮೂವರೂ ಯಂತ್ರದತ್ತ ಬಾಗಿದೆವು. ಗೆರೆ ಒಮ್ಮೆಲೇ ಜಿಗಿಯಿತು.

"ಅಯ್ಯ ನನ್ನವ್ವ! ಜಿಗೀತ್ರಿ!" ಎಂದು ಶರಣಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನ ಕಣ್ಣೂ ತುಂಬಿತು.

ಸೇಠ್‌ಗೆ ಫೋನ್ ಮಾಡಿದೆ. ಅವನಾಗಲೇ ಅವಳ ಜಾಗದಲ್ಲಿ ಬೇರೆಯವರನ್ನು ಕೂರಿಸಿದ್ದ! ನಾನು ಬಾಯಿ ತೆರೆಯುವ ಮೊದಲೇ ಶರಣಮ್ಮ ರಿಸೀವರ್ ಕಸಿದುಕೊಂಡಳು.

"ಸೇಠ್‌ಜಿ, ಮಾಲು ಪಾಸಾಗೈತಿ. ನನ್ನ ಖುರ್ಚಿ ಖಾಲಿ ಮಾಡ್ಸ್ರಿ, ಬರಾಕತ್ತೀನಿ." ಹೇಳಿದವಳೇ ಬಸ್ಸಿಗೆ ಓಡಿದಳು.

ಮುಂದೆ ನಿವೃತ್ತಿಯವರೆಗೂ ಯಾವ ಹುಳು ಬಂದರೂ ಮೊದಲು ಗಂಡೋ ಹೆಣ್ಣೋ ಎಂದು ನಾನೇ ಪರೀಕ್ಷಿಸುತ್ತಿದ್ದೆ. ಕಿರಿಯರು ನಗುತ್ತಿದ್ದರು, ನಗಲಿ. ಅಂದು ನನ್ನನ್ನು ಕೇಳಿದ್ದು ಒಂದು ಫೋಟೋ ಮಾತ್ರ. ತೆಗೆದು, 'ಮೀಸೆ ಸುಸ್ಥಿತಿಯಲ್ಲಿದೆ' ಎಂದು ಸಹಿ ಹಾಕಿದ್ದರೆ ಅದರಲ್ಲಿ ಒಂದಕ್ಷರವೂ ಸುಳ್ಳಿರುತ್ತಿರಲಿಲ್ಲ. ಶರಣಮ್ಮನ ಕೆಲಸ ಮಾತ್ರ ಹೋಗುತ್ತಿತ್ತು.