ಹಸಿರು ಕಾರಿನ ಗಿರಿಜಕ್ಕ

ಮರಾಠಿ ಸೀಮೆಯ ನಿಗಡಿಯ ನಮ್ಮ ವಸತಿ ಸೊಸೈಟಿಯಲ್ಲಿ ಭಾನುವಾರ ಬೆಳಿಗ್ಗೆ ಏಳಕ್ಕೆ ಯಾರಿಗೂ ಅಲಾರಂ ಬೇಕಿರಲಿಲ್ಲ. ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ಗಿರಿಜಕ್ಕ ಕೆಳಗಿಳಿದು ತಾಡಪತ್ರಿಯ ಹೊದಿಕೆ ಸರಿಸುತ್ತಿದ್ದರು. ಅದರಡಿ ನೆಲಕ್ಕೆ ಅಂಟಿದಂತೆ ನಿಂತಿರುತ್ತಿತ್ತು ಎರಡೇ ಸೀಟಿನ, ಕಡುಹಸಿರು ಬಣ್ಣದ, ಹಳೆಯ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಅವರು ಒಳಗೆ ಕೂತು ಎಂಜಿನ್ ಚಾಲೂ ಮಾಡಿದರೆ ಮೂರನೆಯ ಮಹಡಿಯ ಕಿಟಕಿಯ ಗಾಜು ನಡುಗುತ್ತಿತ್ತು. ಹತ್ತು ನಿಮಿಷ ಸ್ಟೀರಿಂಗ್ ಹಿಡಿದು ಸುಮ್ಮನೆ ಕೂತಿದ್ದು, ಬಂದ್ ಮಾಡಿ, ಮತ್ತೆ ತಾಡಪತ್ರಿ ಹೊದಿಸಿ ಮೇಲೆ ಹೋಗುತ್ತಿದ್ದರು. ಹದಿನಾಲ್ಕು ತಿಂಗಳು ಹೀಗೇ ನಡೆಯಿತು. ಅಷ್ಟು ದಿನ ಆ ಕಾರು ತಾನಾಗಿ ಓಡಿ ಒಮ್ಮೆಯೂ ಗೇಟು ದಾಟಲಿಲ್ಲ, ಏಕೆಂದರೆ ಅದಕ್ಕೆ ನೋಂದಣಿ ನಂಬರ್ ಸಿಕ್ಕಿರಲಿಲ್ಲ.

ಗಿರಿಜಕ್ಕ ಜಮಖಂಡಿಯವರು. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನ ಮನೆಯವರು ತವರಿಗೆ ತಂದು ಬಿಟ್ಟರು. ಅಣ್ಣನ ಮನೆಯಲ್ಲಿ ನಾಲ್ಕು ವರ್ಷ ರೊಟ್ಟಿ ಬಡಿದು, ಒಂದು ದಿನ ಯಾರನ್ನೂ ಕೇಳದೆ ನರ್ಸಿಂಗ್ ತರಬೇತಿಗೆ ಅರ್ಜಿ ಹಾಕಿದರು. ಅಲ್ಲಿಂದ ಆಫ್ರಿಕಕ್ಕೆ ಹೋದರು. ಮೊಂಬಾಸಾದ ಆಸ್ಪತ್ರೆಯೊಂದರಲ್ಲಿ ಇಪ್ಪತ್ತೈದು ವರ್ಷ ಇದ್ದು, ಮ್ಯಾಟ್ರನ್ ಆಗಿ ನಿವೃತ್ತಿ ಪಡೆದು ತೊಂಬತ್ತರ ದಶಕದ ಮೊದಲರ್ಧದಲ್ಲಿ ಮರಳಿದರು. ಆ ಕಾರು ಅಲ್ಲಿಯ ಒಬ್ಬ ಇಂಗ್ಲಿಷ್ ಡಾಕ್ಟರದು. ಅವರು ತಮ್ಮ ದೇಶಕ್ಕೆ ಹೋಗುವಾಗ ಇವರು ಕೊಂಡಿದ್ದರು. ಹೊರದೇಶದಲ್ಲಿ ನೆಲೆಸಿದ್ದವರು ಮರಳುವಾಗ, ತಮ್ಮ ಹೆಸರಿನಲ್ಲೇ ಇದ್ದು ತಾವೇ ಓಡಿಸಿದ ಒಂದು ಕಾರನ್ನು ಸುಂಕ ಕಟ್ಟಿ ತರಬಹುದು ಎಂಬ ನಿಯಮ ಆಗ ಇತ್ತು. ಗಿರಿಜಕ್ಕ ಆ ನಿಯಮವನ್ನು ಓದಿ, ಸುಂಕ ಕಟ್ಟಿ, ಕಾರನ್ನು ಮುಂಬಯಿ ಬಂದರಿನಿಂದ ಲಾರಿಯಲ್ಲಿ ಹೇರಿಸಿಕೊಂಡು ಬಂದರು.

ಅದೇ ಶಹರದ ಇನ್ನೊಂದು ತುದಿಯ ಹಡಪಸರದಲ್ಲಿ ಅರಿವೆ ವ್ಯಾಪಾರ ಮಾಡುತ್ತಿದ್ದ ಅಣ್ಣ ನೋಡಲು ಬಂದಾಗ ನಾನು ಅಲ್ಲೇ ಇದ್ದೆ.

“ಗಿರಿಜಾ, ಐವತ್ತೆರಡ ವರ್ಷದ ಹೆಣ್ಣಮಗಳು ಇಂಥಾದ್ರಾಗ ಕುಂತು ಹೋದ್ರ ಮಂದಿ ಏನಂತಾರ? ಯಾರರೆ ಸಿನಿಮಾದವರಿಗೆ ಮಾರಿಬಿಡು,” ಎಂದರು.

ಗಿರಿಜಕ್ಕ ಚಹಾದ ಬಟ್ಟಲು ಅವರ ಮುಂದಿಟ್ಟು ಹೇಳಿದರು: “ಅಣ್ಣಾ, ನಾ ಕಳಿಸಿದ ರೊಕ್ಕದಾಗ ಊರಾಗ ಮನಿ ಆತು, ಅದು ನಿಂದು. ಹೊಲ ಆತು, ಅದೂ ನಿಂದು. ನಾ ಕೇಳಲಿಲ್ಲ. ಇದೊಂದು ನಂದು. ಇದರ ಮಾತು ನೀ ಎತ್ತಬ್ಯಾಡ.”

ಅಣ್ಣ ಚಹಾ ಕುಡಿಯದೆ ಎದ್ದು ಹೋದರು.

ನನ್ನ ಅವರ ಗೆಳೆತನ ಬೆಳೆದದ್ದು ನನ್ನ ಟೈಪ್‌ರೈಟರಿನಿಂದ. ಆರ್‌ಟಿಓ ಕಚೇರಿಯ ಎದುರಿನ ಸಾಲಿನಲ್ಲಿ ನನ್ನದೊಂದು ಚಿಕ್ಕ ಟೈಪಿಂಗ್ ಅಂಗಡಿ ಇತ್ತು. ಬಿಜಾಪುರದಿಂದ ಮದುವೆಯಾಗಿ ಬಂದ ನಾನು ಹದಿಮೂರು ವರ್ಷದಿಂದ ಮಂದಿಯ ಅರ್ಜಿಗಳನ್ನು ಬಡಿಯುತ್ತಿದ್ದೆ. ಎಲ್ಲ ಅರ್ಜಿಗಳೂ ಒಂದೇ ಥರ, ‘ತಮ್ಮ ಪಾದಗಳಲ್ಲಿ ಬೇಡಿಕೊಳ್ಳುವುದೇನೆಂದರೆ’ ಎನ್ನುವ ಅರ್ಥದ ಇಂಗ್ಲಿಷಿನಿಂದ ಶುರುವಾಗುತ್ತಿದ್ದವು. ಗಿರಿಜಕ್ಕನ ಮೊದಲ ಅರ್ಜಿಗೂ ನಾನು ಹಾಗೇ ಬಡಿದೆ. ಅವರು ಕನ್ನಡಕ ಏರಿಸಿ ಓದಿ ಕಾಗದ ವಾಪಸು ಕೊಟ್ಟರು.

“ವಿಮಲಾ, ನಾ ಬೇಡಾಕ ಹೊಂಟಿಲ್ಲ, ಕೇಳಾಕ ಹೊಂಟೀನಿ. ಬೇಡೂದು ತಗದು ಮತ್ತೊಮ್ಮೆ ಬಡಿ.”

ಆ ಅರ್ಜಿ ಬೇಕಾದದ್ದು ಒಂದೇ ಒಂದು ಅಂಕಿಯಿಂದ. ಕಾರನ್ನು ಟೆಂಪೋಗೆ ಕಟ್ಟಿ ಎಳೆಸಿಕೊಂಡು ತಪಾಸಣೆಗೆ ಒಯ್ದಿದ್ದೆವು. ಇನ್‌ಸ್ಪೆಕ್ಟರು ಸುತ್ತ ಒಮ್ಮೆ ನೋಡಿ, “ಮಾಲಕ ಕುಠೆ ಆಹೇತ?” ಎನ್ನುತ್ತ, ಮಾಲಕರೆಲ್ಲಿ ಎಂದು ನನ್ನ ಹಿಂದೆ ಯಾವುದೋ ಗಂಡಸನ್ನು ಹುಡುಕಿದರು. “ಮೀಚ್ ಮಾಲಕ,” ಅಂದರು ಗಿರಿಜಕ್ಕ, ನಾನೇ ಮಾಲಕಿ. ಇನ್‌ಸ್ಪೆಕ್ಟರು ಕಾರಿನ ತಳದ ಚೌಕಟ್ಟಾದ ಚಾಸಿಯ ಮೇಲೆ ಕೊರೆದಿದ್ದ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿದರು. ನಂಬರಿನ ಕೊನೆಗೆ ಏಳು ಮೂಡಿತು. ಬಂದರಿನ ಸುಂಕದ ಕಾಗದದಲ್ಲಿ ಅದೇ ಜಾಗದಲ್ಲಿ ಒಂದು ಎಂಬ ಅಂಕಿ ಇತ್ತು. ಕಾಗದ ತುಂಬಿಸಿದ್ದ ಮುಂಬಯಿಯ ಏಜೆಂಟನ ಟೈಪಿಸ್ಟು ಏಳರ ಬದಲು ಒಂದು ಒತ್ತಿದ್ದ. ಕಾಗದದ ಕಾರೇ ಬೇರೆ, ಈ ಕಾರೇ ಬೇರೆ, ನೋಂದಣಿ ಆಗುವುದಿಲ್ಲ ಎಂದು ಇನ್‌ಸ್ಪೆಕ್ಟರು ಹೇಳಿದರು.

ಗಿರಿಜಕ್ಕ ಮುಂಬಯಿಗೆ ಹೋದರು. ಅಲ್ಲಿ ಬಂದರಿನ ಸುಂಕದವರು, ಕಾರಿನ ಮೇಲಿನ ನಂಬರ್ ನಿಜಕ್ಕೂ ಏನೆಂದು ನಿಮ್ಮೂರ ಆರ್‌ಟಿಓದಿಂದ ಬರೆಸಿಕೊಂಡು ಬನ್ನಿ, ತಿದ್ದಿಕೊಡುತ್ತೇವೆ ಎಂದರು. ಇಲ್ಲಿ ಆರ್‌ಟಿಓದವರು, ಮೊದಲು ತಿದ್ದಿದ ಕಾಗದ ತನ್ನಿ, ಆಮೇಲೆ ಬರೆಯುತ್ತೇವೆ ಎಂದರು. ನಸುಕಿನ ಸರಕಾರಿ ಎಸ್ಟಿ ಬಸ್ಸು ಹಿಡಿದು ಹೋಗುವುದು, ಸಂಜೆಗೆ ಖಾಲಿ ಕೈಯಲ್ಲಿ ಬರುವುದು. ನಮ್ಮ ಸೊಸೈಟಿಯ ಸೆಕ್ರೆಟರಿ ಕಾರಿನ ಮೇಲೆ ನೋಟಿಸ್ ಅಂಟಿಸಿದರು, ಗುಜರಿ ಸಾಮಾನು ಇಡಲು ಇದು ಜಾಗವಲ್ಲ ಎಂದು. ಗಿರಿಜಕ್ಕ ಅದನ್ನು ಕಿತ್ತೊಯ್ದು, ಹಿಂದೆ ಉತ್ತರ ಬರೆದು, ಅವರ ಬಾಗಿಲಿಗೇ ಅಂಟಿಸಿ ಬಂದರು. ‘ಪಾರ್ಕಿಂಗಿನ ರಸೀದಿ ನನ್ನಲ್ಲಿ ಇದೆ, ನೋಡಬೇಕಾದರೆ ಬನ್ನಿ’ ಎಂದಿತ್ತು.

ಅದೇ ಹೊತ್ತಿಗೆ ನಾನೊಂದು ತಪ್ಪು ಮಾಡಿದೆ. ಕಚೇರಿ ಎದುರಿನ ದಲಾಲನೊಬ್ಬ ನನ್ನ ಅಂಗಡಿಗೆ ಬಂದು, “ತಾಯಿ, ನಿಮ್ಮ ಮಷೀನಿನಲ್ಲಿ ಆ ಒಂದರ ಮೇಲೆ ಏಳು ಹೊಡೆದರೆ ಮುಗಿಯಿತಲ್ಲ, ಯಾರು ನೋಡುತ್ತಾರೆ,” ಎಂದ. ನನಗೂ ಅದು ಸರಿ ಅನ್ನಿಸಿತು. ಐವತ್ತು ದಾಟಿದ ಹೆಂಗಸು ತಿಂಗಳುಗಟ್ಟಲೆ ಬಸ್ಸಿನಲ್ಲಿ ತೂಗಾಡುವುದನ್ನು ನೋಡಲಾಗುತ್ತಿರಲಿಲ್ಲ. ಕಾಗದ ಕೊಡ್ರಿ ಗಿರಿಜಕ್ಕಾ, ಅರ್ಧ ನಿಮಿಷದ ಕೆಲಸ ಎಂದೆ.

ಅವರು ನನ್ನನ್ನು ನೋಡಿದ ರೀತಿ ಇವತ್ತಿಗೂ ನೆನಪಿದೆ. ಸಿಟ್ಟಿಗಿಂತ ಹೆಚ್ಚಾಗಿ ಬೇಸರವಿತ್ತು.

“ನೀ ಹೊಡದ ಏಳು ನಿನ್ನ ಮಷೀನಿಂದು ಆಗತದ, ನನ್ನ ಕಾರಿಂದಲ್ಲ,” ಎಂದರು. “ಕಾರ್ ಖರೇ ಅದ, ನಾ ಖರೇ ಇದ್ದೀನಿ. ತಪ್ಪು ಕಾಗದದ್ದು. ತಪ್ಪು ಮಾಡಿದವರ ಅದನ್ನ ತಿದ್ದಬೇಕು. ಇವತ್ತ ನೀ ಹೊಡದಿ ಅಂದ್ರ, ಮುಂದ ಪ್ರತಿ ಚೌಕದಾಗ ಪೋಲೀಸ್ ಕೈ ತೋರಿಸಿದಾಗ ನನ್ನ ಕಾರಿನ್ಯಾಗ ನಾ ಕಳ್ಳರಗತೆ ಕುಂದರಬೇಕು. ಹಂಗ ಕುಂದ್ರೂದಾದ್ರ ಕಾರ್ ಯಾಕ ಬೇಕು?”

ನಾನು ಮಷೀನಿಗೆ ಹೊದಿಕೆ ಹಾಕಿದೆ. ಅವರು “ಹೊಟ್ಟಿ ಹಸದದ, ಏನರೆ ತಿನ್ನೋಣ ನಡಿ,” ಎಂದು ನನ್ನ ಕೈ ಹಿಡಿದು ಎಬ್ಬಿಸಿದರು.

ಮರುದಿನದಿಂದ ಅವರು ಮುಂಬಯಿಗೆ ಹೋಗುವುದನ್ನು ನಿಲ್ಲಿಸಿ, ಬುತ್ತಿ ಕಟ್ಟಿಕೊಂಡು ಆರ್‌ಟಿಓ ಕಚೇರಿಯಲ್ಲಿ ಸಾಹೇಬರ ಕೋಣೆಯ ಎದುರಿನ ಬೆಂಚಿನ ಮೇಲೆ ಕೂತರು. ಕಚೇರಿ ತೆರೆಯುವ ಮೊದಲೇ ಬರುವುದು, ಮುಚ್ಚಿದ ಮೇಲೆ ಏಳುವುದು. ಮಧ್ಯಾಹ್ನ ಬುತ್ತಿ ಬಿಚ್ಚಿ ಜವಾನರಿಗೂ ಶೇಂಗಾ ಚಟ್ನಿ ಹಂಚುತ್ತಿದ್ದರು. ನಾಲ್ಕನೆಯ ದಿನ ಸಾಹೇಬರು ಒಳಗೆ ಕರೆದರು. ನಾನೂ ಜೊತೆಗಿದ್ದೆ.

“ಅಮ್ಮಾ, ಆಗುವುದಿಲ್ಲ ಎಂದು ಹೇಳಿದೆನಲ್ಲ,” ಎಂದು ಮರಾಠಿಯಲ್ಲಿ ಸಾಹೇಬರು ಗೋಗರೆದರು.

“ಮಗ ತೇಚ್ ಲಿಹೂನ್ ದ್ಯಾ,” ಅಂದರು ಗಿರಿಜಕ್ಕ. ಹಾಗಾದರೆ ಅದನ್ನೇ ಬರೆದು ಕೊಡಿ. ಆಗುವುದಿಲ್ಲ, ಯಾಕೆ ಆಗುವುದಿಲ್ಲ, ಅಷ್ಟೇ ಬರೆಯಿರಿ, ನಾನು ಎದ್ದು ಹೋಗುತ್ತೇನೆ.

ಇಲ್ಲವೆಂದು ಬರೆಯಲು ಸಾಹೇಬರಿಗೆ ಯಾವ ಅಡ್ಡಿಯೂ ಕಾಣಲಿಲ್ಲ. ಸಮಾಧಾನದಿಂದಲೇ ಬರೆಸಿಕೊಟ್ಟರು. ವಾಹನದ ಮೇಲಿನ ನಂಬರ್ ಏಳರಿಂದ ಮುಗಿಯುತ್ತದೆ, ದಾಖಲೆಯ ನಂಬರ್ ಒಂದರಿಂದ ಮುಗಿಯುತ್ತದೆ, ಆದ್ದರಿಂದ ನೋಂದಣಿ ನಿರಾಕರಿಸಲಾಗಿದೆ. ಕೆಳಗೆ ಸಹಿ, ದುಂಡು ಮೊಹರು. ಹೊರಗೆ ಬಂದು ಗಿರಿಜಕ್ಕ ಆ ಕಾಗದವನ್ನು ನನ್ನ ಕೈಗಿತ್ತರು. ನಾನು ಎರಡು ಸಲ ಓದಿದ ಮೇಲೆ ತಿಳಿಯಿತು. ಮುಂಬಯಿಯವರು ಕೇಳಿದ್ದೂ ಇದನ್ನೇ, ಕಾರಿನ ಮೇಲಿನ ನಂಬರ್ ಏನೆಂದು ಆರ್‌ಟಿಓ ಬರೆದ ಕಾಗದ.

“ಹೂಂ ಅಂತ ಬರಿಯಾಕ ಅಂಜತಾರ. ಇಲ್ಲ ಅಂತ ಬರಿಯಾಕ ಯಾರೂ ಅಂಜಂಗಿಲ್ಲ,” ಎಂದು ಗಿರಿಜಕ್ಕ ಮೆಲ್ಲಗೆ ನಕ್ಕರು.

ಮುಂದಿನ ತಿಂಗಳು ಬಂದರಿನವರು ಅಂಕಿ ತಿದ್ದಿ ಮೊಹರು ಹಾಕಿದರು. ಅದೇ ಇನ್‌ಸ್ಪೆಕ್ಟರು ಮತ್ತೆ ಪೆನ್ಸಿಲ್ ಉಜ್ಜಿದರು. ಈ ಸಲ ಎರಡೂ ಕಡೆ ಏಳೇ ಇತ್ತು, ನೋಂದಣಿ ಆಯಿತು. ನಂಬರ್ ಪ್ಲೇಟ್ ಬರೆಸಿ, ಬಣ್ಣ ಒಣಗುವ ತನಕ ಅಂಗಡಿಯ ಎದುರು ಕಾದು, ಅಲ್ಲೇ ಬಿಗಿಸಿಕೊಂಡು, ಕ್ಯಾನ್ವಾಸ್ ಛತ್ತು ಮಡಚಿ, ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಅವರು ಮೊದಲು ಹೋದದ್ದು ಹಡಪಸರಕ್ಕೆ. ದಾರಿಯುದ್ದಕ್ಕೂ ಜನ ತಿರುಗಿ ನೋಡಿದರು. ಬಸ್ಸಿನ ಕಂಡಕ್ಟರನೊಬ್ಬ ಟಿಕೆಟ್ ಹರಿಯುವುದನ್ನು ಬಿಟ್ಟು ಬಗ್ಗಿ ನೋಡಿದ. ಅಣ್ಣನ ಅಂಗಡಿ ಮುಂದೆ ನಿಲ್ಲಿಸಿ ಗಿರಿಜಕ್ಕ ಹಾರ್ನ್ ಒತ್ತಿದರು. ಗಿರಾಕಿಗಳೆಲ್ಲ ಹೊರಗೆ ಬಂದರು, ಕೊನೆಗೆ ಅಣ್ಣನೂ ಬಂದರು.

“ಒಳಗ ಬಾ,” ಎಂದರು ಅಣ್ಣ.

“ಒಳಗ ಭಾಳ ಸಲ ಬಂದೀನಿ. ಇವತ್ತ ನೀ ಹೊರಗ ಬಾ, ಕುಂದ್ರು,” ಎಂದರು ಗಿರಿಜಕ್ಕ. ನಾನು ಇಳಿದು ಜಾಗ ಬಿಟ್ಟೆ. ಅಣ್ಣ ಧೋತರ ಎತ್ತಿಕೊಂಡು, ಮೊಣಕಾಲು ಎದೆಗೆ ತಾಗುವಂತೆ ಮುದುಡಿ ಕೂತರು. ಒಂದು ಸುತ್ತು ಹೋಗಿ ಬಂದರು. ಇಳಿದು ಬಾಗಿಲನ್ನು ಭಾಳ ಹುಷಾರಾಗಿ ಮುಚ್ಚಿದರು.

ಹನ್ನೆರಡು ವರ್ಷ ಗಿರಿಜಕ್ಕ ಆ ಕಾರು ಓಡಿಸಿದರು. ವಾರಕ್ಕೆರಡು ಸಲ ಶಹರದಾಚೆಯ ಶಿರೂರಿನ ಧರ್ಮಾಸ್ಪತ್ರೆಗೆ ಹೋಗಿ ಪುಕ್ಕಟೆ ಸೇವೆ ಮಾಡುತ್ತಿದ್ದರು. ಬಾಣಂತಿಯರಿಗೆ ಬೆಲ್ಲ, ಔಷಧದ ಡಬ್ಬಿ, ಎಲ್ಲವೂ ಆ ಸ್ಪೋರ್ಟ್ಸ್ ಕಾರಿನ ಸೀಟಿನ ಹಿಂದೆ. ನನ್ನ ಅಂಗಡಿಯಲ್ಲಿ ಮಾತ್ರ ಅಂದಿನಿಂದ ಯಾರ ಅರ್ಜಿಯಲ್ಲೂ ನಾನು ಪಾದ, ಬೇಡಿಕೆ ಬಡಿಯಲಿಲ್ಲ. ಕೆಲವು ಗಿರಾಕಿಗಳು ಜಗಳವಾಡಿ ಪಕ್ಕದ ಅಂಗಡಿಗೆ ಹೋದರು.

ಎರಡು ಸಾವಿರದ ಏಳರ ಮಳೆಗಾಲದಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಹಡಪಸರದ ಆಸ್ಪತ್ರೆಗೆ ನಾನು ಹೋದಾಗ ಅಣ್ಣನ ಮಗ ಹಾಸಿಗೆಯ ಪಕ್ಕ ನಿಂತಿದ್ದ. ಅಣ್ಣ ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಕೈಯಲ್ಲಿ ಕಾರಿನ ಹಸ್ತಾಂತರದ ಫಾರ್ಮು.

“ಅತ್ತೀ, ಗಿರಾಕಿ ಬಂದಾರ. ಬಲಗೈ ನಡಿಯೂತನಕ ಒಂದ ಸಹಿ ಮಾಡಿಬಿಡ್ರಿ. ಆಮ್ಯಾಲ ನಮಗ ಕಾಗದಪತ್ರದ್ದು ತ್ರಾಸ ಆಗತದ.”

ಹುಡುಗ ಕೆಟ್ಟವನೇನಲ್ಲ. ಆಸ್ಪತ್ರೆಗೆ ದಿನಾ ಬರುತ್ತಿದ್ದವನು ಅವನೇ. ಗಿರಿಜಕ್ಕ ಫಾರ್ಮು ಇಸಿದುಕೊಂಡರು. ಒಂದೇ ಕೈಯಲ್ಲಿ, ಎದೆಯ ಮೇಲಿಟ್ಟು, ನಾಲ್ಕಾಗಿ ಮಡಚಿ ದಿಂಬಿನ ಕೆಳಗೆ ತಳ್ಳಿದರು. ಮಾತು ಎಳೆದೆಳೆದು ಬರುತ್ತಿತ್ತು, ಆದರೂ ಪ್ರತಿಯೊಂದು ಅಕ್ಷರ ನನಗೆ ಕೇಳಿಸಿತು.

“ನಾ ಇನ್ನಾ ಇದ್ದೀನಿ.”

ಅಂದಿಗೆ ಹನ್ನೆರಡನೆಯ ದಿನ ತೀರಿಹೋದರು. ಆ ಹನ್ನೆರಡು ದಿನವೂ ಕಾರು ಅವರದೇ ಆಗಿತ್ತು.